ಸೂಜಿಯ ತುದಿಯಲ್ಲಿ ಜೋತ ಹನಿ

ನಮ್ಮ ನಾಯಿ ಒಂದು ಬೆಳಿಗ್ಗೆ ಹಿಂಗಾಲನ್ನು ನೆಲಕ್ಕೆ ಊರದೆ ಮೂರೇ ಕಾಲಿನ ಮೇಲೆ ನಿಂತಾಗ, ಜಿಗಿಯುವಾಗ ಎಲ್ಲೋ ಉಳುಕಿರಬೇಕೆಂದು ನಾನು ನಾಲ್ಕು ದಿನ ಸುಮ್ಮನಿದ್ದೆ. ಐದನೆಯ ದಿನಕ್ಕೆ ಮಂಡಿ ಊದಿಕೊಂಡು, ಮುಟ್ಟಿದರೆ ಬಿಸಿ ಕೈಗೆ ತಟ್ಟುತ್ತಿತ್ತು. ಎಂದೂ ಗುರ್ ಎನ್ನದ ಪ್ರಾಣಿ, ಕಾಲು ಮಡಿಸಲು ಹೋದ ನನಗೆ ಹಲ್ಲು ತೋರಿಸಿತು. ಅದೇ ಮಂಡಿಗೆ ಕೆಲವು ತಿಂಗಳ ಹಿಂದೆ ಅಸ್ಥಿರಜ್ಜು ಹರಿದು ಶಸ್ತ್ರಚಿಕಿತ್ಸೆಯಾಗಿತ್ತು ಎಂಬುದನ್ನು ನೆನೆದಾದರೂ ನಾನು ಬೇಗ ಹೊರಡಬೇಕಿತ್ತು, ಏಕೆಂದರೆ ಬ್ಯಾಕ್ಟೀರಿಯಾ ಕೀಲಿನೊಳಗೆ ಸೇರಿ ಸೋಂಕು ತರುವ ದಾರಿಗಳಲ್ಲಿ ಅದೂ ಒಂದು. ಕಚ್ಚಿದ ಗಾಯ, ಚರ್ಮದ ಅಥವಾ ಮೂತ್ರನಾಳದ ಸೋಂಕು ರಕ್ತದ ಮೂಲಕ ಹರಡುವುದು ಉಳಿದ ದಾರಿಗಳು.

ವೈದ್ಯರು ಮಂಪರು ಕೊಟ್ಟು, ಕೂದಲು ಬೋಳಿಸಿ, ಸೂಜಿಯಿಂದ ಕೀಲಿನ ದ್ರವವನ್ನು ತೆಗೆದರು. ಆರೋಗ್ಯವಂತ ಕೀಲಿನ ದ್ರವ ತಿಳಿಯಾಗಿ, ಅಂಟಂಟಾಗಿದ್ದು, ಸೂಜಿಯ ತುದಿಯಿಂದ ಎಳೆಯಾಗಿ ಜೋತು ಆಮೇಲೆ ತುಂಡಾಗುತ್ತದೆ. ನಮ್ಮದು ಕದಡಿದ ಹಳದಿಯಾಗಿ, ನೀರಿನಂತೆ ತೊಟ್ಟಿಕ್ಕಿತು. ಒಂದು ಮೈಕ್ರೋಲೀಟರಿಗೆ ಸಾಮಾನ್ಯವಾಗಿ 3,000ಕ್ಕಿಂತ ಕಡಿಮೆ ಇರಬೇಕಾದ ಜೀವಕೋಶಗಳು ಹತ್ತಾರು ಸಾವಿರವಿದ್ದು, ಬಹುಪಾಲು ಬಿಳಿ ರಕ್ತಕಣಗಳ ಒಂದು ಬಗೆಯಾದ ನ್ಯೂಟ್ರೋಫಿಲ್‌ಗಳೇ ಆಗಿದ್ದವು. ಸೋಂಕಿನೊಂದಿಗೆ ಹೋರಾಡಲು ಬಂದ ಈ ಕಣಗಳು ಸುರಿಸುವ ಕಿಣ್ವಗಳೇ ಮೂಳೆಯ ತುದಿಯನ್ನು ಹೊದ್ದಿರುವ ಮೃದ್ವಸ್ಥಿಯನ್ನೂ ಕರಗಿಸುತ್ತವೆ. ಎಕ್ಸ್‌-ರೇಯಲ್ಲಿ ಮೂಳೆಯ ಸವೆತ ಕಾಣುವ ಹೊತ್ತಿಗೆ ತಡವಾಗಿರುತ್ತದೆ.

ಆಂಟಿಬಯಾಟಿಕ್ ಕೊಡುವ ಮೊದಲೇ ದ್ರವ ತೆಗೆದದ್ದು ಎಷ್ಟು ಮುಖ್ಯವೆಂಬುದು ನನಗೆ ಆಮೇಲೆ ಅರ್ಥವಾಯಿತು. ಔಷಧಿ ಶುರುವಾದ ಮೇಲೆ, ದ್ರವದಲ್ಲಿನ ಬ್ಯಾಕ್ಟೀರಿಯಾವನ್ನು ಪ್ರಯೋಗಾಲಯದಲ್ಲಿ ಬೆಳೆಸಿ ನೋಡುವ ಕಲ್ಚರ್‌ನಲ್ಲಿ ಏನೂ ಬೆಳೆಯದೆ ಹೋಗಬಹುದು. ಔಷಧಿ ಕೊಡದಿದ್ದರೂ ಕೆಲವೊಮ್ಮೆ ಬೆಳೆಯುವುದಿಲ್ಲ, ಹಾಗೆಂದು ಸೋಂಕೇ ಇಲ್ಲವೆನ್ನಲಾಗದು. ಇನ್ನೊಂದು ಕಡೆ, ದೇಹದ ರೋಗನಿರೋಧಕ ಶಕ್ತಿಯೇ ಕೀಲುಗಳ ಮೇಲೆ ತಿರುಗಿಬೀಳುವ ಕಾಯಿಲೆಯೂ ಇದೆ. ಅದು ಸಾಮಾನ್ಯವಾಗಿ ಹಲವು ಕೀಲುಗಳನ್ನು ಹಿಡಿಯುತ್ತದೆ, ಮತ್ತು ಅದಕ್ಕೆ ಕೊಡುವ ಸ್ಟೀರಾಯ್ಡ್ ಸೋಂಕಿರುವ ಕೀಲಿಗೆ ಅಪಾಯಕಾರಿ. ಊಹೆಯ ಮೇಲೆ ಔಷಧಿ ಕೊಡಬೇಡಿ ಎಂದು ನಾನು ಹಟ ಹಿಡಿಯುವುದು ಇದಕ್ಕೇ. ಮನೆಯಲ್ಲಿರುವ ಐಬುಪ್ರೊಫೇನ್ ಮಾತ್ರೆಯಂತೂ ನಾಯಿಗೆ ವಿಷ.

ನಮ್ಮ ಕಲ್ಚರ್‌ನಲ್ಲಿ ಸ್ಟ್ಯಾಫಿಲೊಕಾಕಸ್ ಎಂಬ ಬ್ಯಾಕ್ಟೀರಿಯಾ ಬೆಳೆಯಿತು. ಕೀಲನ್ನು ಲವಣದ ದ್ರಾವಣದಿಂದ ತೊಳೆದು, ಆರು ವಾರ ಆಂಟಿಬಯಾಟಿಕ್ ಕೊಟ್ಟರು. ಎರಡನೆಯ ವಾರಕ್ಕೇ ಕುಂಟು ಕಡಿಮೆಯಾಗಿ ಮಾತ್ರೆ ನಿಲ್ಲಿಸುವ ಆಸೆ ಬಂದಿತ್ತು, ನಿಲ್ಲಿಸಲಿಲ್ಲ. ಕೊನೆಗೆ ಮತ್ತೆ ತೆಗೆದ ದ್ರವ ಸೂಜಿಯಿಂದ ಎಳೆಯಾಗಿ ಜೋತಿತು. ಮಲಗಿ ಏಳುವಾಗ ಮಾತ್ರ ಅದು ಇಂದಿಗೂ ನಾಲ್ಕು ಹೆಜ್ಜೆ ಕುಂಟುತ್ತದೆ.