ವಿಮಾನ ಹತ್ತದೆ ಬಿಎಫ್‌ಸಿ ಹಿಂದೆ: ಹೊರಊರಿನ ಪಂದ್ಯಗಳ ಲಾಗ್

ಅಕ್ಟೋಬರ್ 2024, ಕೊಚ್ಚಿ

ಪ್ರಾಜೆಕ್ಟ್ ಏನು ಅಂತ ಮೊದಲೇ ಹೇಳಿಬಿಡುತ್ತೇನೆ. ಐಎಸ್‌ಎಲ್‌ನಲ್ಲಿ, ಅಂದರೆ ಇಂಡಿಯನ್ ಸೂಪರ್ ಲೀಗ್ ಫುಟ್‌ಬಾಲಿನಲ್ಲಿ, ನಮ್ಮ ಬೆಂಗಳೂರು ಎಫ್‌ಸಿ (ಬಿಎಫ್‌ಸಿ) ಹೊರಊರಿಗೆ ಹೋಗಿ ಆಡುವ ಪ್ರತಿ ಮೈದಾನದಲ್ಲೂ ಒಂದು ಪಂದ್ಯವನ್ನಾದರೂ ನೋಡಬೇಕು. ವಿಮಾನ ಹತ್ತಬಾರದು. ರೈಲು, ಬಸ್ಸು, ಬೇಕಾದರೆ ಲಾರಿ. ವಿಮಾನ ಯಾಕೆ ಬೇಡ ಅಂದರೆ ಒಂದು, ದುಡ್ಡು. ಇನ್ನೊಂದು, ವಿಮಾನದಲ್ಲಿ ಹೋದರೆ ಆಫೀಸ್ ಕೆಲಸಕ್ಕೆ ಹೋದ ಹಾಗಿರುತ್ತೆ, ಪಂದ್ಯಕ್ಕೆ ಹೋದ ಹಾಗಲ್ಲ.

ಅಮ್ಮನ ಪ್ರಶ್ನೆ ಮಾತ್ರ ಬದಲಾಗಿಲ್ಲ. "ಟಿವೀಲಿ ಬರುತ್ತಲ್ಲೋ, ಇಲ್ಲೇ ಕೂತು ನೋಡಬಾರ್ದಾ?" ಕ್ಯಾಮೆರಾ ಚೆಂಡಿನ ಹಿಂದೆ ಓಡುತ್ತೆ ಅಮ್ಮ, ನನಗೆ ಚೆಂಡಿಲ್ಲದ ಕಡೆಯೂ ನೋಡಬೇಕು ಅಂತ ಹೇಳಿ ನೋಡಿದೆ. ಚಪಾತಿ ಕಟ್ಟಿಕೊಟ್ಟರು, ಮಾತು ಅಲ್ಲಿಗೆ ಮುಗಿಯಿತು.

ಕೊಚ್ಚಿಗೆ ಹೋಗೋದು ಸುಲಭ. ಕನ್ಯಾಕುಮಾರಿ ಎಕ್ಸ್‌ಪ್ರೆಸ್ ರಾತ್ರಿ ಮೆಜೆಸ್ಟಿಕ್‌ನಿಂದ ಹೊರಡುತ್ತೆ, ಬೆಳಗ್ಗೆ ಎರ್ನಾಕುಲಂ ಟೌನ್‌ನಲ್ಲಿ ಇಳಿಯಬಹುದು. ಈ ರೈಲಿನ ವಿಶೇಷ ಏನು ಗೊತ್ತಾ? ಕೊಚ್ಚಿಯ ತಂಡ ಕೇರಳ ಬ್ಲಾಸ್ಟರ್ಸ್‌ನ ಅಭಿಮಾನಿಗಳೂ ಇದರಲ್ಲೇ ಬರುತ್ತಾರೆ. ವೈಟ್‌ಫೀಲ್ಡ್‌ನಲ್ಲಿ, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಮಾಡುವ ಮಲಯಾಳಿ ಹುಡುಗರು, ಶುಕ್ರವಾರ ರಜೆ ಹಾಕಿ ಊರಿಗೂ ಹೋದಂತಾಯಿತು, ಪಂದ್ಯವೂ ಆಯಿತು ಅಂತ ಹೊರಟಿರುತ್ತಾರೆ. ಎದುರು ಬರ್ತಿನಲ್ಲಿ ಹಳದಿ ಜೆರ್ಸಿ, ಇತ್ತ ನಮ್ಮ ನೀಲಿ. ಕೃಷ್ಣರಾಜಪುರ ದಾಟುವ ಮುಂಚೆಯೇ 2023ರ ಪ್ಲೇಆಫ್ ವಿಷಯ ಬಂತು. ಬರದೇ ಇರುತ್ತಾ? ಆವತ್ತು ನಮ್ಮ ಮನೆ ಮೈದಾನ ಕಂಠೀರವದಲ್ಲಿ ಹೆಚ್ಚುವರಿ ಸಮಯದಲ್ಲಿ ನಮ್ಮ ಸುನಿಲ್ ಛೇಟ್ರಿ, ಎದುರಾಳಿಗಳು ಗೋಡೆಯಂತೆ ಸಾಲಾಗಿ ನಿಲ್ಲುವ ಮುಂಚೆಯೇ ಫ್ರೀಕಿಕ್ ಹೊಡೆದು ಗೋಲು ಮಾಡಿದ, ಬ್ಲಾಸ್ಟರ್ಸ್ ತಂಡ ಮೈದಾನ ಬಿಟ್ಟು ನಡೆಯಿತು. ಅದು ಗೋಲೋ ಮೋಸವೋ ಅಂತ ಬಂಗಾರಪೇಟೆವರೆಗೆ ಜಗಳ. ಆಮೇಲೆ ಅವರು ಬಾಳೆಕಾಯಿ ಚಿಪ್ಸ್ ತೆಗೆದರು, ನಾನು ಚಪಾತಿ ತೆಗೆದೆ. ಗೋಲೇ ಅದು. ರೆಫ್ರಿ ಕೊಟ್ಟಿದ್ದಾರೆ.

ಎರ್ನಾಕುಲಂ ಟೌನ್‌ನಿಂದ ಕಲೂರು ಸ್ಟೇಡಿಯಂ ಹತ್ತಿರ. ಟೌನ್‌ಹಾಲ್ ಸ್ಟೇಷನ್‌ನಲ್ಲಿ ಮೆಟ್ರೋ ಹತ್ತಿದರೆ ಎರಡನೆಯ ಸ್ಟೇಷನ್ನೇ ಜೆಎಲ್‌ಎನ್ ಸ್ಟೇಡಿಯಂ, ಕಲೂರು ಮೈದಾನದ್ದೇ ಹೆಸರು. ಸಂಜೆ ಆ ಮೆಟ್ರೋ ಪೂರ್ತಿ ಹಳದಿ. ನಾವು ಜೆರ್ಸಿ ಮೇಲೆ ಶರ್ಟ್ ಹಾಕಿಕೊಂಡು ಹೋದೆವು, ಗೇಟ್ ಹತ್ತಿರ ಬಿಚ್ಚಿದೆವು. ಹೆದರಿಕೆ ಅಂತಲ್ಲ, ಸುಮ್ನೆ ಯಾಕೆ ಅಂತ.

ಬ್ಯಾನರ್ ವಿಷಯ. ಚಿಕ್ಕಪೇಟೆಯಲ್ಲಿ ನೀಲಿ ಪಾಪ್ಲಿನ್ ತಂದು, ಬಿಳಿ ಬಣ್ಣದಲ್ಲಿ ದಪ್ಪಗೆ ಬೆಂಗಳೂರು ಅಂತ ಬರೆದಿದ್ದೇವೆ. ಕೋಲು ಎಲ್ಲೂ ಬಿಡಲ್ಲ, ಅದಕ್ಕೇ ಅಂಚಿಗೆ ಲಾಡಿ ಹೊಲಿಸಿದ್ದೇವೆ, ಕಂಬಿಗೆ ಕಟ್ಟಬಹುದು. ಗೇಟಿನಲ್ಲಿ ಪೊಲೀಸರು ಬಿಡಿಸಿ ನೋಡಿದರು. ಏನು ಬರೆದಿದೆ, ರಾಜಕೀಯವಾ, ಬೈಗುಳವಾ? ಊರಿನ ಹೆಸರು ಅಂದರೆ ನಂಬಿಕೆ ಬರಲಿಲ್ಲ. ಕೊನೆಗೆ ಒಬ್ಬರನ್ನು ಕರೆದರು, ಕಾಸರಗೋಡಿನವರು. ಓದಿ, ನಕ್ಕು, "ಹೋಗಿ ಮಾರಾಯ್ರೆ, ಸೋತು ಬನ್ನಿ" ಅಂದರು.

ಸೋಲಲಿಲ್ಲ. 3-1. ಮೊದಲ ಗೋಲು ನಮ್ಮ ಪೆರೇರಾ ಡಿಯಾಸ್‌ದು. ಹಿಂದೊಮ್ಮೆ ಹಳದಿ ಅಂಗಿಯಲ್ಲೇ ಆಡಿದ್ದವನು, ಅದಕ್ಕೇ ಅವನ ಕಾಲಿಗೆ ಚೆಂಡು ಬಂದಾಗಲೆಲ್ಲ ಬೊಬ್ಬೆ. ವಿರಾಮಕ್ಕೆ ಮುಂಚೆ ಅವರು ಪೆನಾಲ್ಟಿಯಲ್ಲಿ ಸಮ ಮಾಡಿದಾಗ ಆ ಸದ್ದು ಕಿವಿಗಲ್ಲ, ಕಾಲ ಕೆಳಗಿನ ಕಾಂಕ್ರೀಟಿಗೆ ಬಂತು. ಆಮೇಲೆ ನಮ್ಮ ಎಡ್ಗರ್ ಮೆಂಡೆಜ್ ಎರಡು ಹಾಕಿದ. ಕೊನೆಯದು ಇಂಜುರಿ ಟೈಮ್‌ನಲ್ಲಿ. ಅಷ್ಟು ದೊಡ್ಡ ಗ್ಯಾಲರಿ ತಟಕ್ಕನೆ ಸುಮ್ಮನಾಗಿ, ನಮ್ಮ ಒಂದು ಮೂಲೆ ಮಾತ್ರ ಕಿರುಚುತ್ತಿತ್ತು. ಮನೆ ಮೈದಾನದಲ್ಲಿ ಗೋಲಾದರೆ ಎಲ್ಲರ ಜೊತೆ ಕೂಗುತ್ತೀವಿ. ಹೊರಊರಲ್ಲಿ ಗೋಲಾದರೆ ನಿನ್ನ ದನಿ ನಿನಗೇ ಕೇಳುತ್ತೆ. ಈ ಪ್ರಾಜೆಕ್ಟ್ ಶುರು ಮಾಡಿದ್ದೇ ಅದಕ್ಕೆ.

ಪಂದ್ಯ ಮುಗಿದ ಮೇಲೆ ಅವರ ಜನ ಖಾಲಿಯಾಗುವವರೆಗೆ ನಮ್ಮನ್ನು ಒಳಗೇ ನಿಲ್ಲಿಸಿದರು. ವಾಪಸ್ ರೈಲಿನ ಹೊತ್ತು ಹೊಂದಲಿಲ್ಲ, ವೈಟ್ಟಿಲಾಗೆ ಹೋಗಿ ಬಸ್ಸು. ಪಾಲಕ್ಕಾಡ್, ಕೊಯಮತ್ತೂರು, ಸೇಲಂ, ಹೊಸೂರು. ಸೇಲಂ ಹತ್ತಿರ ಎಲ್ಲೋ ಟೀ ಕುಡಿದ ನೆನಪು.

ಇನ್ನೊಂದು ಸುದ್ದಿ. ರೈಲು ಟಿಕೆಟ್ ಮುಂಗಡ ಬುಕಿಂಗ್ ನವೆಂಬರ್ 1ರಿಂದ 120 ದಿನದ ಬದಲು 60 ದಿನ ಅಂತೆ. ನಮಗೇನು ನಷ್ಟ ಇಲ್ಲ. ಲೀಗಿನ ವೇಳಾಪಟ್ಟಿ ಡಿಸೆಂಬರ್‌ವರೆಗೆ ಮಾತ್ರ ಬಂದಿದೆ, ಉಳಿದ ಅರ್ಧ ಯಾವಾಗಲೋ.

ಡಿಸೆಂಬರ್ 2024, ಚೆನ್ನೈ

ಬರೆಯೋದು ಜಾಸ್ತಿ ಇಲ್ಲ, ಎಲ್ಲ ಸರಿಯಾಗಿ ನಡೆಯಿತು. ಸೆಂಟ್ರಲ್ ಸ್ಟೇಷನ್‌ನಿಂದ ಸ್ಟೇಡಿಯಂಗೆ ನಡೆದೇ ಹೋಗಬಹುದು. ಪಂದ್ಯ ಮುಗಿಸಿ, ಊಟ ಮಾಡಿ, ವಾಪಸ್ ನಡೆದು ಬಂದರೆ ರಾತ್ರಿ ಹನ್ನೊಂದರ ಆಸುಪಾಸಿಗೆ ಬೆಂಗಳೂರು ಮೇಲ್. ಹೊರಊರಿನ ಬೆಂಬಲಿಗರಿಗಂತಲೇ ಬ್ರಿಟಿಷರು ಬಿಟ್ಟುಹೋದ ರೈಲು ಅದು. ಗೆದ್ದದ್ದರಿಂದ ನಿದ್ದೆಯೂ ಚೆನ್ನಾಗಿ ಬಂತು.

ಹೊಸಬರಿಗೆ ಒಂದು ಮಾತು: ಪವರ್‌ಬ್ಯಾಂಕ್, ನೀರಿನ ಬಾಟಲಿ, ಚಿಲ್ಲರೆ ಕಾಸು, ಬ್ಯಾಗು ಯಾವುದನ್ನೂ ಒಳಗೆ ಬಿಡುವ ನಂಬಿಕೆ ಬೇಡ. ಸ್ಟೇಷನ್ ಕ್ಲೋಕ್‌ರೂಮಿನಲ್ಲಿ ಇಟ್ಟು ಹೋಗಿ. ಒಂದು ಊರಲ್ಲಿ, ಯಾವುದು ಅಂತ ಬೇಡ, ಡ್ರಮ್ ಒಳಗೆ ಬಿಟ್ಟರು, ಬಾರಿಸೋ ಕೋಲು ಮಾತ್ರ ಕಿತ್ತುಕೊಂಡರು. ತೊಂಬತ್ತು ನಿಮಿಷ ಅಂಗೈಯಲ್ಲೇ ಬಾರಿಸಿದ ಗೆಳೆಯನ ಕೈ ಮಾರನೇ ದಿನ ಮೌಸ್ ಹಿಡಿಯೋ ಸ್ಥಿತಿಯಲ್ಲಿರಲಿಲ್ಲ.

ಏಪ್ರಿಲ್ 2025, ಫತೋರ್ಡಾ

ಎಫ್‌ಸಿ ಗೋವಾ ವಿರುದ್ಧ ಸೆಮಿಫೈನಲ್. ಎರಡು ಪಂದ್ಯದ (ಲೆಗ್) ಗೋಲು ಸೇರಿಸಿ ಲೆಕ್ಕ. ಮೊದಲ ಲೆಗ್ ಕಂಠೀರವದಲ್ಲಿ 2-0 ಗೆದ್ದಿದ್ದೆವು. ಹಾಗಾಗಿ ಗೋವಾಕ್ಕೆ ಎಲ್ಲರೂ ಪಿಕ್ನಿಕ್ ಮೂಡಿನಲ್ಲಿ ಹೊರಟರು. ನನಗೆ ಮಾತ್ರ ಹೊಟ್ಟೆಯಲ್ಲಿ ಕಸಿವಿಸಿ. ನವೆಂಬರ್‌ನಲ್ಲಿ ಇದೇ ಮೈದಾನದಲ್ಲಿ 3-0 ತಿಂದಿದ್ದೆವಲ್ಲ.

ಯಶವಂತಪುರದಿಂದ ವಾಸ್ಕೋ ರೈಲು. ಈ ದಾರಿ ನನಗೆ ಎಲ್ಲಕ್ಕಿಂತ ಇಷ್ಟ, ಯಾಕಂದರೆ ಬಹುಪಾಲು ನಮ್ಮ ರಾಜ್ಯದೊಳಗೇ ಹೋಗುತ್ತೆ. ಹುಬ್ಬಳ್ಳಿಯಲ್ಲಿ ಇಬ್ಬರು ನೀಲಿ ಸ್ಕಾರ್ಫಿನವರು ಹತ್ತಿದರು, ಜೊತೆಗೆ ಗಿರ್ಮಿಟ್ ಪೊಟ್ಟಣ. "ಬೆಂಗಳೂರು ಅಂತ ಹೆಸರಿದ್ರೇನ್ರೀ, ನಮ್ದೂ ಅಲ್ಲೇನು ಟೀಮು?" ಅಂದರು. ಹೌದು ಬಿಡಿ. ಕಂಠೀರವದಲ್ಲಿ ಒಂದು ಪಂದ್ಯ ನೋಡೋಕೆ ಅವರು ಪ್ರತಿಸಲ ಮಾಡುವ ಪ್ರಯಾಣ ನಮ್ಮ ಚೆನ್ನೈ ಪ್ರಯಾಣಕ್ಕಿಂತ ಉದ್ದ. ಅವರಿಗೆ ಮನೆ ಪಂದ್ಯವೂ ಹೊರಊರಿನ ಪಂದ್ಯವೇ.

ಕ್ಯಾಸಲ್‌ರಾಕ್‌ನಲ್ಲಿ ಘಾಟಿಗಾಗಿ ಹೆಚ್ಚುವರಿ ಎಂಜಿನ್ ಜೋಡಿಸುತ್ತಾರೆ, ರೈಲು ನಿಲ್ಲುತ್ತೆ. ಕೆಳಗಿಳಿದು ಮೈ ಮುರಿದೆವು. ದೂಧ್‌ಸಾಗರ್ ಕತ್ತಲಲ್ಲಿ ದಾಟಿತು, ಏಪ್ರಿಲ್ ಆದ್ದರಿಂದ ಹೇಗೂ ನೀರು ಕಡಿಮೆ.

ಮಡಗಾಂವ್‌ನಲ್ಲಿ ತಮಾಷೆ. ಸ್ಟೇಡಿಯಂ ಹೊರಗೆ ಕಿತ್ತಳೆ ಜೆರ್ಸಿಯ ಒಂದು ಗುಂಪು ಕನ್ನಡ ಮಾತಾಡುತ್ತಿತ್ತು. ಕಾರವಾರದವರು. ಬೈಕಿನಲ್ಲಿ ಬಂದಿದ್ದಾರೆ, ಗೋವಾಕ್ಕೆ ಸಪೋರ್ಟು. ನಾವು ಬೇಜಾರು ಮಾಡಿಕೊಂಡರೆ ಅವರು ಕೇಳಿದ್ದು, "ನಮ್ಗೆ ಬೆಂಗಳೂರು ಹತ್ರವೋ, ಮಡಗಾಂವ್ ಹತ್ರವೋ?" ಉತ್ತರ ಇರಲಿಲ್ಲ ನಮ್ಮ ಹತ್ತಿರ. ನನ್ನ ಒಂದು ಥಿಯರಿಗೆ ಇದು ಸಾಕ್ಷಿಯೂ ಆಯಿತು: ಭಾರತದ ಫುಟ್‌ಬಾಲಿನಲ್ಲಿ ಯಾರಿಗೆ ಯಾರ ಮೇಲೆ ಸಿಟ್ಟು ಅನ್ನೋದನ್ನು ರೈಲ್ವೆ ಟೈಂಟೇಬಲ್ ನೋಡಿ ಹೇಳಬಹುದು. ಕೊಚ್ಚಿ, ಚೆನ್ನೈ, ಗೋವಾ ಎಲ್ಲ ಒಂದು ರಾತ್ರಿಯ ದಾರಿ. ಅವರು ಇಲ್ಲಿಗೆ ಬರುತ್ತಾರೆ, ನಾವು ಅಲ್ಲಿಗೆ ಹೋಗುತ್ತೇವೆ, ಮುಖ ಪರಿಚಯ ಆಗುತ್ತೆ, ಜಗಳ ಬೆಳೆಯುತ್ತೆ. ಗುವಾಹಟಿಯ ತಂಡದ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ಅವರ ಬೆಂಬಲಿಗರನ್ನು ಸರಿಯಾಗಿ ನೋಡೇ ಇಲ್ಲ, ಸಿಟ್ಟು ಎಲ್ಲಿಂದ ಬರಬೇಕು?

ಪಂದ್ಯ. ದ್ವಿತೀಯಾರ್ಧದಲ್ಲಿ ಗೋವಾ ಒಂದು ಹಾಕಿತು, ಆಮೇಲೆ ಇನ್ನೊಂದು. ಒಟ್ಟು ಲೆಕ್ಕ 2-2. ಪಿಕ್ನಿಕ್ ಗುಂಪಿನವರು ಮುಖ ಮುಚ್ಚಿಕೊಂಡು ಕೂತಿದ್ದರು. ಹೆಚ್ಚುವರಿ ಸಮಯಕ್ಕೆ ಹೋದರೆ ಬಸ್ಸು ತಪ್ಪುತ್ತೆ ಅಂತ ಪಕ್ಕದವನು ಫೋನ್ ತೆಗೆದು ಬೇರೆ ಬಸ್ಸು ಹುಡುಕುತ್ತಿದ್ದ, ನಿಜವಾಗಲೂ. ಆಗ ಇಂಜುರಿ ಟೈಮ್‌ನಲ್ಲಿ ಒಂದು ಕ್ರಾಸ್, ಛೇಟ್ರಿಯ ತಲೆ, ಗೋಲು. ನಲವತ್ತು ವರ್ಷದ ಮನುಷ್ಯ! ಬಸ್ಸು ಹುಡುಕುತ್ತಿದ್ದವನ ಫೋನ್ ಎರಡು ಸಾಲು ಕೆಳಗೆ ಹೋಗಿ ಬಿತ್ತು, ಸ್ಕ್ರೀನ್ ಒಡೆಯಿತು, ಅವನಿಗೆ ಗೊತ್ತಾಗಿದ್ದು ಆಟಗಾರರು ನಮ್ಮ ಮೂಲೆಗೆ ಬಂದು ಚಪ್ಪಾಳೆ ತಟ್ಟಿ ಹೋದ ಮೇಲೆ. ಪಂದ್ಯ ಸೋತೆವು, ಫೈನಲ್ ಸೇರಿದೆವು. ಸೋತ ರಾತ್ರಿ ಇಷ್ಟು ಕುಣಿದಿದ್ದು ನಾನು ಬೇರೆ ಎಲ್ಲೂ ನೋಡಿಲ್ಲ. 2019ರಲ್ಲಿ ಮುಂಬೈನ ಅಂಧೇರಿಯಲ್ಲಿ ಫೈನಲ್‌ನಲ್ಲಿ ಇದೇ ಗೋವಾ ವಿರುದ್ಧ 117ನೇ ನಿಮಿಷದಲ್ಲಿ ರಾಹುಲ್ ಭೇಕೆ ತಲೆಯಿಂದ ಗೋಲು ಹಾಕಿ ಕಪ್ ಗೆದ್ದಾಗಲೂ ಇಷ್ಟು ಕುಣಿದಿರಲಿಲ್ಲ. ಅವತ್ತು ಸುಸ್ತಾಗಿತ್ತು.

ಬಸ್ಸು ಸಿಕ್ಕಿತು. ಅನಮೋಡ ಘಾಟಿ, ಧಾರವಾಡ, ಸೋಮವಾರ ಮಧ್ಯಾಹ್ನ ಆಫೀಸು.

ಏಪ್ರಿಲ್ 2025, ಕೋಲ್ಕತ್ತಾ

ಫೈನಲ್ ಎಲ್ಲಿ ಅಂತ ಸೋಮವಾರ ರಾತ್ರಿಯವರೆಗೆ ಗೊತ್ತಿರಲಿಲ್ಲ. ಲೀಗಿನಲ್ಲಿ ಮೇಲಿದ್ದ ತಂಡದ ಊರಲ್ಲಿ ಫೈನಲ್. ಜಮ್ಶೆಡ್‌ಪುರ ಬಂದರೆ ಕಂಠೀರವ, ಮೋಹನ್ ಬಗಾನ್ ಬಂದರೆ ಸಾಲ್ಟ್ ಲೇಕ್. ಆ ರಾತ್ರಿ ಅವರಿಬ್ಬರ ಸೆಮಿಫೈನಲ್‌ನ 94ನೇ ನಿಮಿಷದಲ್ಲಿ ಬಗಾನಿನ ಅಪುಯಾ ದೂರದಿಂದ ಹೊಡೆದ ಚೆಂಡು ಒಳಗೆ ಹೋಯಿತು. ಎಂಥ ಚೆಂದದ ಗೋಲು ಅಂತ ಟಿವಿಯಲ್ಲಿ ಹೇಳುತ್ತಿದ್ದರು, ನಾನು ಹೌರಾ ರೈಲು ಹುಡುಕುತ್ತಿದ್ದೆ.

ಶನಿವಾರ ಪಂದ್ಯ, ಹೊರಡಬೇಕಾದ್ದು ಗುರುವಾರ ಬೆಳಗ್ಗೆ. ಬುಧವಾರ ಹನ್ನೊಂದಕ್ಕೆ ಸ್ಲೀಪರ್ ತತ್ಕಾಲ್ ತೆರೆಯುವಾಗ ಆಫೀಸಿನಲ್ಲಿ ಮೀಟಿಂಗು. ಕ್ಯಾಮೆರಾ ಆಫ್ ಮಾಡಿ ಬುಕ್ ಮಾಡಿದೆ, ಸಿಕ್ಕಿತು. ಜೊತೆಯವರಲ್ಲಿ ಕೆಲವರಿಗೆ ಸಿಗಲಿಲ್ಲ, ವಿಮಾನದಲ್ಲಿ ಬಂದರು, ಬೈದಿಲ್ಲ. ಬೈಯಪ್ಪನಹಳ್ಳಿ ಟರ್ಮಿನಲ್‌ನಿಂದ ಹೊರಟರೆ ವಿಜಯವಾಡ, ವಿಶಾಖಪಟ್ಟಣ, ಭುವನೇಶ್ವರ, ಖರಗ್‌ಪುರ, ಹೌರಾ. ಒಂದೂವರೆ ದಿನದ ಹತ್ತಿರ. ಆಂಧ್ರದ ಬಿಸಿಲಲ್ಲಿ ಸ್ಲೀಪರ್ ಬೋಗಿ ಕಾದ ಹೆಂಚು.

ಸಾಲ್ಟ್ ಲೇಕ್‌ನಲ್ಲಿ 60 ಸಾವಿರದ ಹತ್ತಿರ ಜನ. ನಮ್ಮ ಬ್ಯಾನರ್ ಆ ಗ್ಯಾಲರಿಯಲ್ಲಿ ಕರವಸ್ತ್ರದಷ್ಟು ಕಂಡಿತು. ವಿರಾಮದ ನಂತರ ಅವರ ಡಿಫೆಂಡರ್ ಸ್ವಂತ ಗೋಲು ಹಾಕಿಕೊಂಡಾಗ ನಾವು ಮುಂದೆ. ಆಮೇಲೆ ಅವರ ಕಮಿಂಗ್ಸ್ ಪೆನಾಲ್ಟಿ, ಹೆಚ್ಚುವರಿ ಸಮಯದಲ್ಲಿ ಅವರದೇ ಮ್ಯಾಕ್ಲಾರನ್. 2-1, ನಾವು ಸೋತೆವು. ಹಸಿರು-ಮರೂನ್ ಜನ ಹೊರಗೆ ಪಟಾಕಿ ಹೊಡೆಯುತ್ತಿದ್ದರು. ಒಬ್ಬ ವಯಸ್ಸಾದ ಬಗಾನ್ ಅಭಿಮಾನಿ ನಮ್ಮ ಸ್ಕಾರ್ಫ್ ನೋಡಿ ನಿಲ್ಲಿಸಿದರು. ರೈಲಿನಲ್ಲಿ ಬಂದಿರಾ ಅಂತ ಹಿಂದಿಯಲ್ಲಿ ಕೇಳಿ, ಮಣ್ಣಿನ ಕುಡಿಕೆಯಲ್ಲಿ ಚಹಾ ಕೊಡಿಸಿದರು. ಸೋತ ಮೇಲೆ ಇಂಥ ಉಪಚಾರ ಜಾಸ್ತಿ ಉರಿಸುತ್ತೆ, ಆದರೂ ಕುಡಿದೆ.

ಆಗಸ್ಟ್ 2025ರ ಕೊನೆ

ಪ್ರಾಜೆಕ್ಟ್ ನಿಂತಿದೆ. ತಪ್ಪು ನಮ್ಮದಲ್ಲ, ಲೀಗೇ ನಿಂತಿದೆ. ಲೀಗ್ ನಡೆಸುವ ಕಂಪನಿಗೂ ದೇಶದ ಫುಟ್‌ಬಾಲ್ ಫೆಡರೇಷನ್‌ಗೂ ಇರುವ ಒಪ್ಪಂದ ಡಿಸೆಂಬರ್‌ಗೆ ಮುಗಿಯುತ್ತೆ. ಹೊಸದು ಆಗಿಲ್ಲ ಅಂತ ಜುಲೈಯಲ್ಲೇ ಮುಂದಿನ ಸೀಸನ್ ತಡೆಹಿಡಿದರು. ಆಟಗಾರರ ಸಂಬಳವೇ ನಿಂತಿರುವಾಗ ನನ್ನ ಪ್ರಯಾಣದ ಗೋಳು ಹೇಳಿಕೊಳ್ಳೋಕೆ ಮುಖ ಇಲ್ಲ, ಲಾಗ್ ಅಂದಮೇಲೆ ಬರೆಯಬೇಕು ಅಷ್ಟೇ.

ಈ ನಡುವೆ ಕೋಲ್ಕತ್ತಾ ಮೆಟ್ರೋದಲ್ಲಿ ಎಸ್‌ಪ್ಲನೇಡ್‌ನಿಂದ ಸಿಯಾಲ್ದಾವರೆಗಿನ ತುಂಡು ತೆರೆದಿದೆ. ನಾವು ಹೋದಾಗ ಅಲ್ಲಿ ಇಳಿದು, ಬಸ್ಸು ಹಿಡಿದು, ಮತ್ತೆ ಮೆಟ್ರೋ ಹತ್ತಬೇಕಿತ್ತು. ಈಗ ಹೌರಾದಲ್ಲಿ ಹತ್ತಿದರೆ ನೇರ ಸಾಲ್ಟ್ ಲೇಕ್ ಸ್ಟೇಡಿಯಂ. ಅಲ್ಲೇ ಆಡುವ ಇನ್ನೊಂದು ತಂಡ ಈಸ್ಟ್ ಬೆಂಗಾಲ್ ಪಂದ್ಯಕ್ಕೆ ಉಪಯೋಗವಾಗುತ್ತೆ.

ಉಳಿದಿರೋದು ದೂರದವು: ಜಮ್ಶೆಡ್‌ಪುರ, ಗುವಾಹಟಿ, ದೆಹಲಿಯಲ್ಲಿ ಪಂಜಾಬ್ ತಂಡದ ಮೈದಾನ. ಗುವಾಹಟಿ ರೈಲು ಎರಡು ದಿನಕ್ಕೂ ಜಾಸ್ತಿ, ಬರೀ ಹೋಗೋಕೆ. ಒಂದು ಪಂದ್ಯಕ್ಕೆ ಒಂದು ವಾರದ ರಜೆ. ಜಮ್ಶೆಡ್‌ಪುರಕ್ಕೆ ಖರಗ್‌ಪುರದಲ್ಲಿ ಇಳಿದು ಟಾಟಾನಗರದ ರೈಲು ಹಿಡಿಯೋದು ಅಂತ ಬರೆದಿಟ್ಟಿದ್ದೇನೆ. ಗುವಾಹಟಿ, ಜಮ್ಶೆಡ್‌ಪುರ ಎರಡೂ ಒಂದೇ ವಾರದಲ್ಲಿ ಬಂದರೆ ಒಟ್ಟಿಗೆ ಮುಗಿಸಬಹುದು ಅನ್ನೋ ಆಸೆ ಇದೆ. ವೇಳಾಪಟ್ಟಿ ಬರಲಿ. ಅಷ್ಟರಲ್ಲಿ ಬ್ಯಾನರಿಗೆ ಹೊಸ ಲಾಡಿ ಹೊಲಿಸಬೇಕು, ಸಾಲ್ಟ್ ಲೇಕ್‌ನಲ್ಲಿ ಎರಡು ಕಿತ್ತುಹೋಗಿವೆ.