ಒಂದು ಹಾಡಿನ ಬೆನ್ನು ಹತ್ತಿ ನ್ಯೂಯಾರ್ಕಿನಲ್ಲಿ

"ನಯಾಗರ ನೋಡಲ್ವಾ?" ಅಂತ ತಂಗಿ ಕೇಳಿದಳು.

"ಮುಂದಿನ ಸಲ ನೋಡಿದರಾಯ್ತು ಬಿಡೇ."

"ಮತ್ತೆ ಮೈಸೂರಿಂದ ಇಷ್ಟು ದೂರ ಯಾಕೆ ಬಂದೆ ಅಕ್ಕ?"

ನಿನ್ನ ನೋಡೋಕೆ ಅಂದೆ. ಅರ್ಧ ನಿಜ. ಉಳಿದರ್ಧ, ಒಂದು ಹಾಡು. ಹೆಸರು 'ಬಾಡಿ ಅಂಡ್ ಸೋಲ್'. 1930ರದು. ಜಾಝ್ ಲೋಕದಲ್ಲಿ ಇಂಥ ಹಾಡುಗಳಿಗೆ ಸ್ಟ್ಯಾಂಡರ್ಡ್ ಅನ್ನುತ್ತಾರೆ. ಯಾರೋ ನಾಟಕಕ್ಕೋ ಸಿನಿಮಾಕ್ಕೋ ಬರೆದದ್ದು, ಆಮೇಲೆ ಎಲ್ಲರ ಸ್ವತ್ತಾದದ್ದು. ನಮ್ಮಲ್ಲಿ ಪುರಂದರದಾಸರ ಒಂದೇ ಪದವನ್ನು ಎಂ.ಎಸ್. ಹಾಡಿದಾಗ ಒಂದು ಥರ, ಭೀಮಸೇನ ಜೋಶಿ ಹಾಡಿದಾಗ ಇನ್ನೊಂದು ಥರ ಕೇಳಿಸುತ್ತದಲ್ಲ, ಹಾಗೆ. ಈ ಹಾಡನ್ನು ಹಾಡಿದವರು, ನುಡಿಸಿದವರು ಓಡಾಡಿದ ಜಾಗಗಳು ನ್ಯೂಯಾರ್ಕಿನ ತುಂಬ ಚೆಲ್ಲಿಕೊಂಡಿವೆ. ನಾಲ್ಕು ದಿನ ಅದಕ್ಕೇ ಅಂತ ಎತ್ತಿಟ್ಟಿದ್ದೆ.

2023ರ ಅಕ್ಟೋಬರ್. ತಂಗಿಯ ಮನೆ ಇರುವುದು ನ್ಯೂಜೆರ್ಸಿಯ ಎಡಿಸನ್‌ನಲ್ಲಿ. ಬುಧವಾರ ಬೆಳಿಗ್ಗೆ ಡಬ್ಬಿಗೆ ಚಿತ್ರಾನ್ನ ತುಂಬಿಕೊಂಡು ಇಬ್ಬರೂ ರೈಲು ಹತ್ತಿದೆವು. ಪೆನ್ ಸ್ಟೇಷನ್‌ನಲ್ಲಿ ಇಳಿದು ನಡೆದದ್ದು ವೆಸ್ಟ್ 28ನೇ ಬೀದಿಗೆ. ಪಕ್ಕದಲ್ಲೇ ಹೂವಿನ ಸಗಟು ಅಂಗಡಿಗಳು. ಒದ್ದೆ ಫುಟ್‌ಪಾತು, ಬಕೆಟ್ಟುಗಳು, ಎಲೆಯ ವಾಸನೆ. ಥೇಟ್ ಕೆ.ಆರ್. ಮಾರ್ಕೆಟ್, ಗಲಾಟೆ ಮಾತ್ರ ಕಡಿಮೆ. ಆರನೇ ಅವೆನ್ಯೂ ದಾಟಿದರೆ ಟಿನ್ ಪ್ಯಾನ್ ಆಲಿ. ನೂರಿಪ್ಪತ್ತು ವರ್ಷಗಳ ಹಿಂದೆ ಅಮೆರಿಕದ ಹಾಡುಗಳ ಪೇಟೆ ಇದು. ಆಗ ರೆಕಾರ್ಡಿನ ವ್ಯಾಪಾರ ಇನ್ನೂ ಚಿಕ್ಕದು. ಹಾಡಿನ ಸ್ವರಗಳನ್ನು ಕಾಗದದಲ್ಲಿ ಅಚ್ಚು ಹಾಕಿ ಮಾರುತ್ತಿದ್ದರು, ಜನ ಕೊಂಡು ಮನೆಯ ಪಿಯಾನೋದಲ್ಲಿ ನುಡಿಸುತ್ತಿದ್ದರು. ಪ್ರತಿ ಮಹಡಿಯಲ್ಲೂ ಒಬ್ಬೊಬ್ಬ ಕೂತು ಹಾಡು ನುಡಿಸಿ ಗಿರಾಕಿಗಳಿಗೆ ಕೇಳಿಸುತ್ತಿದ್ದ. ಬೇಸಿಗೆಯಲ್ಲಿ ಕಿಟಕಿ ತೆರೆದರೆ ಎಲ್ಲ ಪಿಯಾನೋಗಳೂ ಸೇರಿ ತಗಡಿನ ಪಾತ್ರೆ ಬಡಿದ ಹಾಗೆ ಕೇಳುತ್ತಿತ್ತಂತೆ. ಹೆಸರು ಹಾಗೆ ಬಂತು ಅನ್ನುತ್ತಾರೆ. ಐದು ಹಳೆಯ ಕಟ್ಟಡಗಳಿಗೆ 2019ರಲ್ಲಿ ಸಂರಕ್ಷಿತ ಸ್ಮಾರಕ ಅನ್ನುವ ಮನ್ನಣೆ ಸಿಕ್ಕಿದೆ. ನೋಡಲು ಮಾತ್ರ ಏನೂ ಇಲ್ಲ, ನಿಜ ಹೇಳಬೇಕು. ತಂಗಿ ಒಂದು ಫೋಟೋ ತೆಗೆದು "ಆಯ್ತಾ?" ಅಂದಳು.

ನಮ್ಮ ಹಾಡು ಹುಟ್ಟುವ ಹೊತ್ತಿಗೆ ಪ್ರಕಾಶಕರೆಲ್ಲ ಈ ಬೀದಿ ಬಿಟ್ಟು ಉತ್ತರಕ್ಕೆ ಹೋಗಿಯಾಗಿತ್ತು. ರಾಗ ಹಾಕಿದ ಜಾನಿ ಗ್ರೀನ್ ಹಾರ್ವರ್ಡ್‌ನಲ್ಲಿ ಅರ್ಥಶಾಸ್ತ್ರ ಓದಿದ ಹುಡುಗ. ಆಗ ಅವನಿಗೆ 21 ವರ್ಷ. ಬರೆದದ್ದು ಗರ್ಟ್ರೂಡ್ ಲಾರೆನ್ಸ್ ಎಂಬ ನಟಿಗೆ. ಸಾಹಿತ್ಯಕ್ಕೆ ಕೈ ಹಾಕಿದವರು ಮೂವರು. ಮೂವರು ಸೇರಿ ಬರೆದರೂ ಸಾಹಿತ್ಯ ಅಷ್ಟಕ್ಕಷ್ಟೇ ಅಂತ ನನ್ನ ಅಭಿಪ್ರಾಯ. ಜೀವ ಇರುವುದು ರಾಗದಲ್ಲಿ.

ಇದರ ಲೆಕ್ಕ ನಮಗೆ ಸುಲಭ. ಹಾಡಿನ ತಾಳವನ್ನು ಬಾರ್ ಅನ್ನುವ ಸಮಭಾಗಗಳಾಗಿ ಕತ್ತರಿಸುತ್ತಾರೆ. ಒಟ್ಟು 32 ಬಾರ್, ಒಂದೊಂದರಲ್ಲಿ ನಾಲ್ಕು ಎಣಿಕೆ. ಎರಡು ಬಾರ್ ಸೇರಿದರೆ ಎಂಟು ಎಣಿಕೆ, ಅಂದರೆ ಆದಿತಾಳದ ಒಂದು ಸುತ್ತು, ಒಂದು ಆವರ್ತನ. ಇಡೀ ಹಾಡು ಹದಿನಾರು ಆವರ್ತನ. ಮೊದಲ ನಾಲ್ಕರಲ್ಲಿ ಒಂದು ಧಾಟಿ, ಮುಂದಿನ ನಾಲ್ಕರಲ್ಲಿ ಅದೇ ಧಾಟಿ. ಒಂಬತ್ತನೆಯದಕ್ಕೆ ಬ್ರಿಡ್ಜ್ ಅನ್ನುವ ನಡುಭಾಗ ಬರುತ್ತದೆ, ಅದು ನಾಲ್ಕು ಆವರ್ತನ ಬೇರೆ ಕಡೆ ಸುತ್ತುತ್ತದೆ. ಕೊನೆಯ ನಾಲ್ಕಕ್ಕೆ ವಾಪಸ್ಸು ಮನೆಗೆ. ಈ ಬ್ರಿಡ್ಜ್‌ನಲ್ಲಿ ಜಾನಿ ಗ್ರೀನ್ ಒಂದು ಕಿತಾಪತಿ ಮಾಡಿದ್ದಾನೆ. ಆಧಾರಶ್ರುತಿಯೇ ಅರ್ಧ ಸ್ವರ ಮೇಲಕ್ಕೆ ಜಾರುತ್ತದೆ. ಕಚೇರಿ ನಡುವೆ ಯಾರೋ ಬಂದು ತಂಬೂರಿಯ ಕಿವಿ ಹಿಂಡಿದ ಹಾಗೆ! ಮೊದಲ ಸಲ ಕೇಳಿದಾಗ ನನಗೆ ನಿಜಕ್ಕೂ ಸಿಟ್ಟು ಬಂದಿತ್ತು. ಷಡ್ಜವನ್ನೇ ಕದಲಿಸಿದರೆ ಇನ್ನು ನಂಬುವುದು ಯಾರನ್ನ? ಈಗ ಆ ಜಾಗಕ್ಕೇ ಕಾಯುತ್ತೇನೆ.

ಸಂಜೆ ಹಾರ್ಲೆಮ್‌ಗೆ. 'ಎ' ರೈಲು 59ನೇ ಬೀದಿ ಬಿಟ್ಟರೆ ಸೀದಾ 125ನೇ ಬೀದಿಗೇ ನಿಲ್ಲುವುದು. ಡ್ಯೂಕ್ ಎಲಿಂಗ್ಟನ್ ಎಂಬ ಜಾಝ್ ದಿಗ್ಗಜನ ಬ್ಯಾಂಡಿನ ಗುರುತಿನ ಹಾಡು ಇದೇ ರೈಲಿನ ಮೇಲೆ ಕಟ್ಟಿದ್ದು, ಬಿಲ್ಲಿ ಸ್ಟ್ರೇಹಾರ್ನ್ ಬರೆದದ್ದು. ಮೇಲೆ ಹತ್ತಿ ಬಂದರೆ ಅಪೊಲೊ ಥಿಯೇಟರಿನ ಕೆಂಪು ದೀಪದ ಫಲಕ. ಬುಧವಾರ ಇಲ್ಲಿ ಅಮೆಚೂರ್ ನೈಟ್. ಹೊಸಬರು ಹಾಡಬಹುದು, ಕುಣಿಯಬಹುದು. ಇಷ್ಟವಾಗದಿದ್ದರೆ ಜನ ಕೂಗಿ ಇಳಿಸುತ್ತಾರೆ. ಕೂಗು ಜೋರಾದರೆ ಪೊರಕೆ ಹಿಡಿದ ಒಬ್ಬ ಬಂದು ಗುಡಿಸಿಕೊಂಡು ಹೋಗುತ್ತಾನೆ. ವೇದಿಕೆಯ ಪಕ್ಕ ಒಂದು ಮರದ ತುಂಡು ಇದೆ, 'ಟ್ರೀ ಆಫ್ ಹೋಪ್'. ಹಾಡುವ ಮುಂಚೆ ಎಲ್ಲರೂ ಅದನ್ನು ಸವರಿ ಹೋಗುತ್ತಾರೆ. ನಮ್ಮವರು ವೇದಿಕೆ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವುದು ನೆನಪಾಯಿತು.

1934ರ ನವೆಂಬರ್ 21ರಂದು 17 ವರ್ಷದ ಒಂದು ಹುಡುಗಿ ಇಲ್ಲಿ ಕುಣಿಯೋಕೆ ಅಂತ ಬಂದಿದ್ದಳು. ಮನೆಯಿಲ್ಲ, ಬಟ್ಟೆಯೂ ಸರಿಯಿಲ್ಲ. ಅವಳಿಗಿಂತ ಮೊದಲು ಎಡ್ವರ್ಡ್ಸ್ ಸೋದರಿಯರು ಕುಣಿದದ್ದು ನೋಡಿ ಎದೆ ಒಡೆದುಹೋಯಿತು. ಇವರ ಮುಂದೆ ನಾನೇನು ಕುಣಿಯೋದು ಅಂತ ಹಾಡಿಬಿಟ್ಟಳು. 25 ಡಾಲರ್ ಬಹುಮಾನ ಬಂತು. ಮುಂದೆ ಜಾಝ್‌ನ ದೊಡ್ಡ ಗಾಯಕಿಯಾದ ಎಲಾ ಫಿಟ್ಜೆರಾಲ್ಡ್! 1942ರಲ್ಲಿ ನ್ಯೂಜೆರ್ಸಿಯ ನ್ಯೂಆರ್ಕ್‌ನಿಂದ 18 ವರ್ಷದ ಸಾರಾ ವಾನ್ ಬಂದಳು. ಅವಳು ಹಾಡಿದ್ದು 'ಬಾಡಿ ಅಂಡ್ ಸೋಲ್'. ಗೆದ್ದಳು. ಬಹುಮಾನವಾಗಿ ಅಪೊಲೊದಲ್ಲೇ ಒಂದು ವಾರ ಹಾಡುವ ಅವಕಾಶ, ಅದೂ ಎಲಾ ಹಾಡುವ ಮುಂಚೆ. (ಏಕವಚನಕ್ಕೆ ಬೈಯಬೇಡಿ. ದಿನಾ ಅಡುಗೆಮನೆಯಲ್ಲಿ ಕೇಳುವ ದನಿಗಳಿಗೆ ಬಹುವಚನ ಹೊಂದುವುದಿಲ್ಲ.)

ನಾವು ಹೋದ ದಿನ ಜಾಝ್ ಹಾಡಿದವರು ಒಬ್ಬರೂ ಇರಲಿಲ್ಲ. ಒಬ್ಬ ಹುಡುಗ ತಾರಕದಲ್ಲಿ ಕಿರುಚಿ ಕಿರುಚಿ ಸುಸ್ತಾದ. ಸಭೆಯೆಲ್ಲ ಕೂಗಿತು. ಪಕ್ಕ ತಿರುಗಿದರೆ ನನ್ನ ತಂಗಿ, ಎರಡು ಮಕ್ಕಳ ತಾಯಿ, ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದಳು.

ಗುರುವಾರ ಅವಳಿಗೆ ಆಫೀಸು. ನಾನೊಬ್ಬಳೇ ಟೈಮ್ಸ್ ಸ್ಕ್ವೇರ್‌ನಲ್ಲಿ 7ನೇ ನಂಬರ್ ರೈಲು ಹತ್ತಿದೆ. ಅದರಲ್ಲೂ ಎಕ್ಸ್‌ಪ್ರೆಸ್, ಲೋಕಲ್ ಅಂತ ಎರಡಿವೆ, ನಾನು ಗಮನಿಸಲಿಲ್ಲ. ಇಳಿಯಬೇಕಿದ್ದ 103ನೇ ಬೀದಿ ಕಿಟಕಿಯಲ್ಲಿ ಭರ್ರನೆ ಹಿಂದೆ ಹೋಯಿತು. ಬೇಸ್‌ಬಾಲ್ ಮೈದಾನದ ಹತ್ತಿರ ಇಳಿದು, ಮತ್ತೆ ಲೋಕಲ್ ಹಿಡಿದು, ಓಡುತ್ತಾ ಬಂದು ತಲುಪಿದ್ದು ಕ್ವೀನ್ಸ್‌ನ ಕೊರೋನಾ ಬಡಾವಣೆ. 107ನೇ ಬೀದಿಯಲ್ಲಿ ಒಂದು ಸಾಧಾರಣ ಇಟ್ಟಿಗೆ ಮನೆ. ಜಾಝ್‌ನ ಹೆಸರಾಂತ ಕಹಳೆಗಾರ, ಗಾಯಕ ಲೂಯಿ ಆರ್ಮ್‌ಸ್ಟ್ರಾಂಗ್ 1943ರಿಂದ 1971ರಲ್ಲಿ ಸಾಯುವ ತನಕ ಇದ್ದದ್ದು ಇಲ್ಲೇ. ಮನೆ ಕೊಂಡವಳು ಹೆಂಡತಿ ಲೂಸಿಲ್. ಅವನು ಊರೂರು ತಿರುಗುತ್ತಾ ಕಹಳೆ ಊದುತ್ತಿದ್ದ. ಮೊದಲ ಸಲ ಟ್ಯಾಕ್ಸಿಯಲ್ಲಿ ಬಂದಿಳಿದಾಗ ಇದು ನನ್ನ ಮನೆಯೇ ಅಂತ ನಂಬಲೇ ಇಲ್ಲವಂತೆ. ಅಷ್ಟು ದೊಡ್ಡದು ಅನ್ನಿಸಿತಂತೆ. ನಮ್ಮ ಕುವೆಂಪುನಗರದ ಮನೆಗಳು ಇದಕ್ಕಿಂತ ದೊಡ್ಡವು.

ಅಡುಗೆಮನೆ ಪೂರ್ತಿ ಹೊಳೆಯುವ ನೀಲಿ. ಬಚ್ಚಲುಮನೆಯಲ್ಲಿ ನಾಲ್ಕೂ ಕಡೆ ಕನ್ನಡಿ, ಚಿನ್ನದ ಬಣ್ಣದ ನಲ್ಲಿ. ಮಹಡಿಯ ಮೇಲೆ ಅವನ ಕೋಣೆ, ಟೇಪ್ ರೆಕಾರ್ಡರುಗಳು. ಹಾಡು, ಹರಟೆ, ಜೋಕು, ಊಟದ ಹೊತ್ತಿನ ಮಾತು, ಎಲ್ಲ ರೆಕಾರ್ಡ್ ಮಾಡಿಟ್ಟವನು. ಸುಮಾರು 700 ಟೇಪುಗಳಿವೆ, ಡಬ್ಬಿಗಳ ಮೇಲೆ ಕತ್ತರಿಸಿ ಅಂಟಿಸಿದ ಚಿತ್ರಗಳು. ಮನೆ ತೋರಿಸುವ ಹುಡುಗಿ ಗುಂಡಿ ಒತ್ತಿದಳು. ಆ ಗೊಗ್ಗರು ದನಿ ಕೋಣೆಯಲ್ಲೇ ಕೂತು ಮಾತಾಡಿತು. ನಮ್ಮ ಗುಂಪಿನಲ್ಲಿದ್ದ ಒಬ್ಬ ಮುದುಕ ಟೋಪಿ ತೆಗೆದ.

ಹಾಡು ಹುಟ್ಟಿದ ವರ್ಷವೇ, 1930ರ ಅಕ್ಟೋಬರಿನಲ್ಲಿ, ಆರ್ಮ್‌ಸ್ಟ್ರಾಂಗ್ ಅದನ್ನು ರೆಕಾರ್ಡ್ ಮಾಡಿದ್ದ. ಅದೇ ಕೋಣೆಯ ಗೋಡೆಯಲ್ಲಿ ಅವನದೊಂದು ವರ್ಣಚಿತ್ರ, ಕೆಳಗೆ 'ಬೆನೆಡೆಟೊ' ಅಂತ ಸಹಿ. ಅದು ಗಾಯಕ ಟೋನಿ ಬೆನೆಟ್‌ನ ನಿಜವಾದ ಮನೆತನದ ಹೆಸರು. ಅವನೂ ಕ್ವೀನ್ಸ್ ಹುಡುಗನೇ, ಚಿತ್ರವನ್ನೂ ಬರೆಯುತ್ತಿದ್ದ. 2011ರ ಮಾರ್ಚ್‌ನಲ್ಲಿ, 84ನೇ ವಯಸ್ಸಿನಲ್ಲಿ, ಲಂಡನ್ನಿನಲ್ಲಿ ಇಂಗ್ಲೆಂಡಿನ ಗಾಯಕಿ ಏಮಿ ವೈನ್‌ಹೌಸ್ ಜೊತೆ 'ಬಾಡಿ ಅಂಡ್ ಸೋಲ್' ಹಾಡಿದ. ಅವಳಿಗೆ 27. ಜುಲೈನಲ್ಲಿ ಅವಳು ತೀರಿಕೊಂಡಳು, ಅದೇ ಅವಳ ಕೊನೆಯ ರೆಕಾರ್ಡಿಂಗ್ ಆಯಿತು. ನಾನು ಹೋಗುವ ಮೂರು ತಿಂಗಳ ಮುಂಚೆ ಟೋನಿಯೂ ಹೋದ. ಆ ಚಿತ್ರದ ಮುಂದೆ ಜಾಸ್ತಿ ಹೊತ್ತು ನಿಂತುಬಿಟ್ಟೆ, ಮನೆ ತೋರಿಸುವ ಹುಡುಗಿಯೇ ಬಂದು ಕರೆದಳು.

ಶುಕ್ರವಾರದ್ದು ಸ್ಮಶಾನ ಯಾತ್ರೆ. ತಂಗಿಗೆ ಹೇಳಲಿಲ್ಲ. 4ನೇ ನಂಬರ್ ರೈಲಿನ ಕೊನೆಯ ನಿಲ್ದಾಣ ವುಡ್‌ಲಾನ್, ಬ್ರಾಂಕ್ಸ್. ಮರಗಳೆಲ್ಲ ಹಳದಿ, ಕೆಂಪು. ಒಂದು ಮೂಲೆಯಲ್ಲಿ ಡ್ಯೂಕ್ ಎಲಿಂಗ್ಟನ್, ಮೈಲ್ಸ್ ಡೇವಿಸ್ ಎಲ್ಲ ನೆರೆಹೊರೆ. ನಾನು ಹುಡುಕಿ ಹೋದದ್ದು ಸ್ಯಾಕ್ಸೋಫೋನ್ ನುಡಿಸುತ್ತಿದ್ದ ಕೋಲ್ಮನ್ ಹಾಕಿನ್ಸ್‌ನನ್ನು. ಸ್ಯಾಕ್ಸೋಫೋನ್ ಅಂದರೆ ನಮಗೆ ಕದ್ರಿ ಗೋಪಾಲನಾಥ್ ಅಲ್ವಾ? ಅವರು 1980ರಲ್ಲಿ ಬೊಂಬಾಯಿಯ ಜಾಝ್ ಯಾತ್ರಾದಲ್ಲಿ ಅಮೆರಿಕದ ಜಾನ್ ಹ್ಯಾಂಡಿ ಜೊತೆ ನುಡಿಸಿದ್ದರು. ಜಾಝ್ ಅನ್ನುವ ಪದ ನಾನು ಮೊದಲು ಕೇಳಿದ್ದೇ ಅವರ ಬಗ್ಗೆ ಓದುವಾಗ. ಹಾಕಿನ್ಸ್ 1939ರ ಅಕ್ಟೋಬರ್ 11ರಂದು ನಮ್ಮ ಹಾಡನ್ನು ಟೆನರ್ ಸ್ಯಾಕ್ಸೋಫೋನಿನಲ್ಲಿ ನುಡಿಸಿದ. ಶುರುವಿನಲ್ಲಿ ಮೂಲ ಧಾಟಿಯನ್ನು ಸ್ವಲ್ಪ ತೋರಿಸುತ್ತಾನೆ. ಆಮೇಲೆ ಅದರ ಕಡೆ ತಿರುಗಿಯೂ ನೋಡುವುದಿಲ್ಲ. ಆದರೂ ಹದಿನಾರು ಆವರ್ತನದ ಲೆಕ್ಕ ಒಂದಿಷ್ಟೂ ತಪ್ಪುವುದಿಲ್ಲ, ಬ್ರಿಡ್ಜ್ ತನ್ನ ಜಾಗದಲ್ಲೇ ಬರುತ್ತದೆ. ಅಲ್ಲೇ ನಿಂತು ಮೊಬೈಲಿನಲ್ಲಿ ಅದನ್ನು ಹಾಕಿದೆ. ಯಾರೂ ಇರಲಿಲ್ಲ, ಒಂದು ಅಳಿಲು ಬಿಟ್ಟರೆ.

ಶನಿವಾರ ರಾತ್ರಿ ತಂಗಿಯೂ ಬಂದಳು. ಕ್ರಿಸ್ಟೊಫರ್ ಸ್ಟ್ರೀಟ್‌ನಲ್ಲಿ ಇಳಿದರೆ ಎದುರಿಗೇ ಶೆರಿಡನ್ ಸ್ಕ್ವೇರ್. 1ನೇ ನಂಬರಿನ ಕಟ್ಟಡದ ನೆಲಮಾಳಿಗೆಯಲ್ಲಿ ಕೆಫೆ ಸೊಸೈಟಿ ಅಂತ ಕ್ಲಬ್ ಇತ್ತು. ಕರಿಯರು ಬಿಳಿಯರು ಒಟ್ಟಿಗೆ ಕೂರಬಹುದಾಗಿದ್ದ, ಆ ಕಾಲಕ್ಕೆ ಅಪರೂಪದ ಜಾಗ. 1939ರಲ್ಲಿ ಜಾಝ್ ಗಾಯಕಿ ಬಿಲಿ ಹಾಲಿಡೇ ಇಲ್ಲಿ 'ಸ್ಟ್ರೇಂಜ್ ಫ್ರೂಟ್' ಹಾಡಿದಳು. ಕರಿಯರನ್ನು ಮರಕ್ಕೆ ನೇತುಹಾಕಿ ಕೊಲ್ಲುತ್ತಿದ್ದುದರ ಮೇಲಿನ ಹಾಡು. ಅದನ್ನು ಹಾಡುವಾಗ ಬಡಿಸುವುದು ನಿಲ್ಲುತ್ತಿತ್ತು. ದೀಪಗಳೆಲ್ಲ ಆರುತ್ತಿದ್ದವು, ಅವಳ ಮುಖದ ಮೇಲೆ ಒಂದೇ ಬೆಳಕು. ಮುಗಿದ ಮೇಲೆ ಮತ್ತೊಂದು ಹಾಡು ಇಲ್ಲ. ಅದೇ ದನಿ ಮರುವರ್ಷ 'ಬಾಡಿ ಅಂಡ್ ಸೋಲ್' ಹಾಡಿತು. ಬಿಲಿ ಸಮಕ್ಕೆ ಸರಿಯಾಗಿ ಎತ್ತಿಕೊಳ್ಳುವುದೇ ಇಲ್ಲ. ತಾಳ ಮುಂದೆ ಹೋಗುತ್ತದೆ, ಇವಳು ಎರಡು ಹೆಜ್ಜೆ ಹಿಂದೆ, ಬರಲೋ ಬೇಡವೋ ಅಂತ ಬರುತ್ತಾಳೆ. ಆ ಸಾಧಾರಣ ಸಾಹಿತ್ಯವೂ ಅವಳ ಬಾಯಲ್ಲಿ ನಿಜವಾಗಿಬಿಡುತ್ತದೆ. 1947ರಲ್ಲಿ ಜೈಲಿಗೆ ಹೋದ ಮೇಲೆ ನ್ಯೂಯಾರ್ಕಿನ ಕ್ಲಬ್ಬುಗಳಲ್ಲಿ ಹಾಡುವ ಪರವಾನಗಿ ಕಿತ್ತುಕೊಂಡರು. 44ಕ್ಕೆ ಸತ್ತಳು. ಇದನ್ನೆಲ್ಲ ಹೇಳುತ್ತಾ ನಿಂತಿದ್ದೆ. ತಂಗಿ ಸುಮ್ಮನೆ ನನ್ನ ಕೈ ಹಿಡಿದು ರಸ್ತೆ ದಾಟಿಸಿದಳು.

ಅಲ್ಲಿಂದ ಸ್ವಲ್ಪ ನಡೆದರೆ ವಿಲೇಜ್ ವ್ಯಾನ್‌ಗಾರ್ಡ್ ಅನ್ನುವ ಜಾಝ್ ಕ್ಲಬ್. 1935ರಿಂದ ಇದೇ ನೆಲಮಾಳಿಗೆಯಲ್ಲಿದೆ. ಕಡಿದಾದ ಮೆಟ್ಟಿಲು, ತ್ರಿಕೋನದ ಕೋಣೆ, 123 ಜನಕ್ಕೆ ಜಾಗ. ಟಿಕೆಟ್ಟಿನ ಮೇಲೆ ಒಂದು ಡ್ರಿಂಕ್ ಕಡ್ಡಾಯ. ನಾವು ಶುಂಠಿ ಸೋಡಾ ತಗೊಂಡೆವು. ಫೋಟೋ ತೆಗೆಯುವಂತಿಲ್ಲ, ಮಾತಾಡುವಂತಿಲ್ಲ. ಪಿಯಾನೋ, ಬಾಸ್ (ಮಂದ್ರದಲ್ಲಿ ನುಡಿಯುವ ದೊಡ್ಡ ತಂತಿವಾದ್ಯ), ಡ್ರಮ್, ಮೂರೇ ಜನ. ಮೂರನೆಯದೋ ನಾಲ್ಕನೆಯದೋ ನಿಧಾನದ ಹಾಡು. ಎರಡು ಸ್ವರ ಕೇಳುತ್ತಲೇ ನನ್ನ ಮೈ ನೆಟ್ಟಗಾಯಿತು. ಅದೇ ಹಾಡು.

ಕೈ ತಾನಾಗಿಯೇ ತೊಡೆಯ ಮೇಲೆ ತಾಳ ಹಾಕತೊಡಗಿತು. ತಂಗಿ ವರ್ಣದ ತನಕ ಕಲಿತು ಬಿಟ್ಟವಳು. ನನ್ನ ಕೈ ನೋಡಿದಳು, ಅವಳೂ ಬೆರಳು ಎಣಿಸತೊಡಗಿದಳು. ಎಂಟು ಆವರ್ತನ ಆಯಿತು. ಒಂಬತ್ತಕ್ಕೆ ಪಿಯಾನೋ ಮೆತ್ತಗೆ ಅರ್ಧ ಸ್ವರ ಮೇಲೆ ಜಾರಿತು. ತಂಗಿ ಗಕ್ಕನೆ ನನ್ನ ಕಡೆ ತಿರುಗಿದಳು. "ಅಯ್ಯೋ ಅಕ್ಕ, ಶ್ರುತಿ!" ಅಂತ ಪಿಸುಗುಟ್ಟಿದಳು. ಮುಂದಿನ ಮೇಜಿನವರು ಕಣ್ಣು ಬಿಟ್ಟರು.

ಕೊನೆಯ ರೈಲುಗಳಲ್ಲೊಂದರಲ್ಲಿ ವಾಪಸ್ಸು. ಒಂದು ಇಯರ್‌ಫೋನ್ ಅವಳಿಗೆ, ಒಂದು ನನಗೆ. ಅಪೊಲೊದಲ್ಲಿ ಗೆದ್ದಿದ್ದ ಸಾರಾ 1978ರಲ್ಲಿ ಇದೇ ಹಾಡು ಹಾಡಿದ್ದು ಹಾಕಿದೆ. ರೇ ಬ್ರೌನ್‌ನ ಬಾಸ್ ಒಂದೇ ಜೊತೆಗೆ, ಬೇರೇನೂ ಇಲ್ಲ. 18ರ ಹುಡುಗಿ ಈಗ 54. ದನಿ ಕೆಳಗಿಳಿದು, ಅಗಲವಾಗಿ, ಬಾಸ್‌ನ ಪಕ್ಕಕ್ಕೇ ಹೋಗಿ ಕೂರುತ್ತದೆ. ರೈಲು ಹಡ್ಸನ್ ನದಿಯ ಕೆಳಗಿನ ಸುರಂಗ ಹೊಕ್ಕಿತು. ತಂಗಿ ಖಾಲಿ ಚಿತ್ರಾನ್ನದ ಡಬ್ಬಿಯ ಮೇಲೆ ಆದಿತಾಳ ಹಾಕುತ್ತಾ, "ತಡಿ, ಮಾತಾಡ್ಬೇಡ, ಇನ್ನೂ ಏಳು" ಅಂದಳು.