ರಾತ್ರಿ ಎಂಟರ ಮಾತ್ರೆ

ಅಮ್ಮನ ಮೂತ್ರಪಿಂಡ ನನ್ನೊಳಗೆ ಬಂದು ಇಂದಿಗೆ ನಾಲ್ಕು ವರ್ಷ. ಬೆಳಿಗ್ಗೆ 8ಕ್ಕೆ, ರಾತ್ರಿ 8ಕ್ಕೆ ಟ್ಯಾಕ್ರೋಲಿಮಸ್ ಮಾತ್ರೆ, ಹೊತ್ತು ತಪ್ಪಿಸುವಂತಿಲ್ಲ. ಅಮ್ಮನ ಅಂಗವನ್ನು ಪರಕೀಯವೆಂದು ಬಗೆದು ನನ್ನ ದೇಹ ಅದರ ಮೇಲೆ ಬೀಳದಂತೆ ರೋಗನಿರೋಧಕ ಶಕ್ತಿಯನ್ನೇ ತಗ್ಗಿಸುವ ಔಷಧ ಅದು. ಹಾಗಾಗಿ ಬೀದಿಯ ನೆಗಡಿಗೂ ನಾನು ಹೆದರಲೇಬೇಕು. ಜ್ವರ 100.4 ಡಿಗ್ರಿ ತಲುಪಿತೆಂದರೆ ನಡುರಾತ್ರಿಯಾದರೂ ವೈದ್ಯರಿಗೆ ಫೋನ್.

ಇವತ್ತು ಮಧ್ಯಾಹ್ನ ಸೋದರತ್ತೆಯ ಮನೆಯಲ್ಲಿ ಸತ್ಯನಾರಾಯಣ ಪೂಜೆಯ ಊಟ. ಕೋಸಂಬರಿ ಬಡಿಸುತ್ತ ಬಂದ ಅತ್ತೆ ನನ್ನ ಎಲೆಯ ಮುಂದೆ ನಿಂತರು. "ನಿನಗೆ ಬೇರೆ ತೆಗೆದಿಟ್ಟಿದ್ದೇನೆ ಕಣೇ" ಎಂದು ಒಳಗಿನಿಂದ ಪುಟ್ಟ ಬಟ್ಟಲು ತಂದರು. ಬೇಯಿಸಿದ ಹೆಸರುಬೇಳೆ, ಹಸಿ ಸೌತೆಕಾಯಿ ಇಲ್ಲ, ಕೊತ್ತಂಬರಿಯನ್ನೂ ಒಗ್ಗರಣೆಯಲ್ಲೇ ಬಾಡಿಸಿದ್ದರು. ಇಂಗಿನ ಘಮ ಇನ್ನೂ ಬೆರಳಿನಲ್ಲಿದೆ. ಹಿತ್ತಲಿನ ಚಕ್ಕೋತವನ್ನು ಮಾತ್ರ ನಾನೇ ಬೇಡವೆಂದೆ, ಅದು ರಕ್ತದಲ್ಲಿ ಮಾತ್ರೆಯ ಮಟ್ಟವನ್ನು ಏರಿಸಿಬಿಡಬಹುದು.

1954ರಲ್ಲಿ ಬೋಸ್ಟನ್‌ನಲ್ಲಿ ಮೊದಲ ಬಾರಿಗೆ ಮೂತ್ರಪಿಂಡ ಕಸಿ ಯಶಸ್ವಿಯಾದದ್ದು ತದ್ರೂಪಿ ಅವಳಿ ಸಹೋದರರ ನಡುವೆ. ದೇಹಗಳು ಒಂದೇ ತೆರನಾದ್ದರಿಂದ ಅಲ್ಲಿ ಇಂಥ ಔಷಧ ಬೇಕಾಗಲಿಲ್ಲ. ತಾಯಿ ಮಗಳಿಗೆ ಆ ಭಾಗ್ಯವಿಲ್ಲ. ಅರ್ಧ ಅಪ್ಪನ ಅಂಶವಾದ ನನ್ನನ್ನು ಅಮ್ಮನ ದೇಹ ಒಂಬತ್ತು ತಿಂಗಳು ಯಾವ ಮಾತ್ರೆಯೂ ಇಲ್ಲದೆ ಹೊತ್ತಿತ್ತು. ಅವಳ ಮುಷ್ಟಿಗಾತ್ರದ ಅಂಗವೊಂದನ್ನು ಹೊರಲು ನನಗೆ ದಿನಕ್ಕೆರಡು ಬಾರಿ ಮಾತ್ರೆ ಬೇಕು. ಯಾಕೋ ಈ ಸಂಜೆಯೆಲ್ಲ ಅದೇ ಯೋಚನೆ.

ಎಂಟಕ್ಕೆ ಇನ್ನು ಹತ್ತು ನಿಮಿಷ. ಕುದಿಸಿ ಆರಿಸಿದ ನೀರಿನ ಲೋಟವನ್ನು ಅಮ್ಮ ಆಗಲೇ ಮುಂದಿಟ್ಟು ಹೋಗಿದ್ದಾಳೆ.